ಹಿಂಗಾರಿ ಮುಗಿದ ಮೇಲೆ ಅಂಡಮಾನ

ನಡುಗಡ್ಡೆಗೆ ಹೋಗಲು ಪ್ರಶಸ್ತ ಕಾಲ ಯಾವುದು ಎಂಬ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ನೌಕರಿಯ ಕೊನೆಯ ವರ್ಷಗಳ ಮುಖ್ಯ ಕೆಲಸವಾಗಿತ್ತು. ಅಣ್ಣಿಗೇರಿಯ ಮನೆಯಲ್ಲಿ ಕೂತು, ಕಣ್ಣು ಹಾಯುವಷ್ಟು ದೂರ ಎರೆಹೊಲವನ್ನೇ ನೋಡುತ್ತ, ಬಂಗಾಳ ಉಪಸಾಗರದ ಅಲೆಗಳ ಸ್ವಭಾವದ ಬಗ್ಗೆ ಗಂಭೀರವಾಗಿ ಮಾತಾಡುವ ಅರ್ಹತೆ ನನಗೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನೌಕರಿ ಹೋಗುತ್ತಿತ್ತು.

ಹುಬ್ಬಳ್ಳಿಯ ಒಂದು ಸಣ್ಣ ಪ್ರವಾಸ ಕಂಪನಿಯಲ್ಲಿ ನಾನು ಮ್ಯಾನೇಜರನಾಗಿದ್ದೆ. ಹೆಸರು ದೊಡ್ಡದು, ಕೆಲಸ ಮಂದಿಯನ್ನು ಎಣಿಸುವುದು. ಬಸ್ಸು ಹತ್ತುವಾಗ ಎಣಿಸಬೇಕು, ಇಳಿಯುವಾಗ ಎಣಿಸಬೇಕು, ಗುಡಿಯಿಂದ ಹೊರಗೆ ಬಂದ ಮೇಲೆ ಮತ್ತೆ ಎಣಿಸಬೇಕು. ಕಡಿಮೆಯಾದರೆ ಕಾಳಜಿ, ಹೆಚ್ಚಾದರೆ ಇನ್ನೂ ಕಾಳಜಿ. ಒಮ್ಮೆ ಕಾಶಿಯಲ್ಲಿ ಹೆಚ್ಚಾಗಿದ್ದರು. ಸೋಲಾಪುರದ ಕಡೆಯ ಬೇರೊಂದು ತಂಡದ ಅಜ್ಜ ನಮ್ಮ ಅಡಿಗೆಯ ವಾಸನೆ ಹಿಡಿದು ಬಂದು, ನಮ್ಮ ಪಂಕ್ತಿಯಲ್ಲೇ ಉಂಡು, ನಮ್ಮ ಬಸ್ಸಿನಲ್ಲೇ ನಿದ್ದೆ ಹೋಗಿದ್ದರು. ಅವರ ಕಡೆಯವರು ಹುಡುಕಿಕೊಂಡು ಬಂದು ಕರೆದೊಯ್ದಾಗ ನಮ್ಮ ಅಡಿಗೆಯ ಗುರಪ್ಪನಿಗೆ ಒಬ್ಬ ಗುಣಗ್ರಾಹಿಯನ್ನು ಕಳೆದುಕೊಂಡ ದುಃಖವಾಯಿತು.

ಈ ಧಂದೆಗೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಬಂದು, "ಸರ್, ಅನುಭವ ಹೇಳ್ರಿ" ಎನ್ನುತ್ತಾರೆ. ಅವರ ಕೈಯಲ್ಲಿರುವ ಫೋನಿನಲ್ಲಿ ಮೋಡ, ಗಾಳಿ, ಮಳೆ ಎಲ್ಲವೂ ಬಣ್ಣ ಬಣ್ಣವಾಗಿ ಓಡಾಡುತ್ತವೆ. ನಮ್ಮ ಕಾಲಕ್ಕೆ ಇದ್ದದ್ದು ಅಂಡಮಾನದ ಲಾಡ್ಜಿಗೆ ಹಚ್ಚುವ ಒಂದು ಫೋನು. ಲಾಡ್ಜಿನ ಮಾಲಕ ವರ್ಷದ ಯಾವ ತಿಂಗಳಲ್ಲಿ ಕೇಳಿದರೂ "ಮೌಸಮ್ ಏಕದಮ್ ಮಸ್ತ್" ಎನ್ನುತ್ತಿದ್ದ. ಒಮ್ಮೆ ಅವನು ಹಾಗೆ ಹೇಳುವಾಗ ತಗಡಿನ ಮೇಲೆ ಬೀಳುವ ಮಳೆಯ ಸಪ್ಪಳಕ್ಕೆ ಅವನ ಮಾತೇ ಕೇಳಿಸಲಿಲ್ಲ. ಅಂದಿನಿಂದ ನಾನು ಅದೇ ಲಾಡ್ಜಿನಲ್ಲಿ ಬಟ್ಟೆ ಒಗೆಯುವವನನ್ನು ಫೋನಿಗೆ ಕರೆಸುವ ಪದ್ಧತಿ ಇಟ್ಟುಕೊಂಡೆ. ಹವಾಮಾನ ಎಂಬ ಶಬ್ದವನ್ನೇ ಎತ್ತುತ್ತಿರಲಿಲ್ಲ. ಹಾಸಿಗೆಯ ಚಾದರಗಳು ಒಣಗುತ್ತಿವೆಯೇ ಎಂದಷ್ಟೇ ಕೇಳುತ್ತಿದ್ದೆ. ಒಣಗುತ್ತಿವೆ ಎಂದರೆ ತಂಡ ಹೊರಡಬಹುದು. ಈಗಿನ ಫೋನು ಅರವತ್ತು ಪರ್ಸೆಂಟ್ ಮಳೆ ಎಂದು ತೋರಿಸುತ್ತದೆ. ಅದನ್ನು ಓದಿ ಹೇಳಿದಾಗ ನಮ್ಮ ಹಳೆಯ ಯಾತ್ರಿಕರೊಬ್ಬರು, "ಅಂದ್ರ ನೂರ ಮಂದ್ಯಾಗ ಅರವತ್ತ ಮಂದಿ ಅಷ್ಟ ತೊಯ್ಯೂದೇನ್ರಿ?" ಎಂದು ಕೇಳಿದರು.

ಇಷ್ಟು ಮಾತ್ರ ಖಚಿತ. ಅಂಡಮಾನಕ್ಕೆ ವರ್ಷದಲ್ಲಿ ಎರಡು ಮಳೆಗಾಲ. ಮೇ ತಿಂಗಳ ನಡುವೆ ದಾಟಿದ ಮೇಲೆ ನಮ್ಮ ದೇಶಕ್ಕೆ ಬರುವ ಮುಂಗಾರು ಮೊದಲು ಕಾಲಿಡುವುದೇ ಅಲ್ಲಿ. ಅದು ತಣ್ಣಗಾಗುವಷ್ಟರಲ್ಲಿ ಹಿಂಗಾರು ತಿರುಗಿ ಬೀಸುತ್ತದೆ, ಜೊತೆಗೆ ಚಂಡಮಾರುತದ ಅಂಜಿಕೆ. ಡಿಸೆಂಬರಿನಿಂದ ಏಪ್ರಿಲ್ ತನಕ ಆಕಾಶ ತೊಳೆದು ಹರವಿದಂತಿರುತ್ತದೆ. ಸಮುದ್ರ ತಳ ಕಾಣುವಷ್ಟು ತಿಳಿಯಾಗಿರುತ್ತದೆ. ಆಗ ಹೋಗಬೇಕು. ಇದನ್ನು ಯಾವ ದಡ್ಡನಾದರೂ ಹೇಳಬಲ್ಲ. ಎದುರಿನವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಮಾತ್ರ ಕಷ್ಟ.

ನಮ್ಮ ಮಾಲಕರಿಗೆ ಜಗತ್ತಿನಲ್ಲಿ ಬೇಡವಾದ ಹಂಗಾಮು ಎಂಬುದೇ ಇರಲಿಲ್ಲ. ಕೊರೆಯುವ ಚಳಿಯಲ್ಲಿ ಕಾಶ್ಮೀರಕ್ಕೆ ಹೊರಟ ತಂಡಕ್ಕೆ ಅವರು 'ಹಿಮ ದರ್ಶನ' ಎಂದು ಹೆಸರಿಡುತ್ತಿದ್ದರು; ಸುಡು ಬೇಸಿಗೆಯಲ್ಲಿ ರಾಜಸ್ಥಾನಕ್ಕೆ ಹೊರಟದ್ದಕ್ಕೆ 'ಸೂರ್ಯ ದರ್ಶನ'. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಧೈರ್ಯವಂತರು ಮತ್ತೊಬ್ಬರಿಲ್ಲ. ತಾವು ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಆ ಧೈರ್ಯಕ್ಕೆ ಕುಂದೂ ಬರಲಿಲ್ಲ.

ನವಲಗುಂದ ತಾಲೂಕಿನ ಒಂದು ಹಳ್ಳಿಯ ಒಕ್ಕಲುತನದ ಮಂದಿ ನಮ್ಮೊಡನೆ ಕಾಶಿಗೆ ಬಂದಿದ್ದರು. ಗಂಗೆಯನ್ನು ನೋಡಿದ ಮೇಲೆ ಅವರಿಗೆ ಇನ್ನೂ ದೊಡ್ಡ ನೀರು ನೋಡುವ ಆಸೆಯಾಗಿ, ಒಂದು ಶ್ರಾವಣದಲ್ಲಿ ನಮ್ಮನ್ನು ಊರಿಗೇ ಕರೆಸಿದರು. ಮಾಲಕರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನಿಂತು ಅಂಡಮಾನವನ್ನು ವರ್ಣಿಸಿದರು. ತಂಡದ ಮುಂದಾಳು ವೀರಭದ್ರಗೌಡರು ಒಂದೇ ಪ್ರಶ್ನೆ ಕೇಳಿದರು.

"ಯಾವಾಗ ಹೋದ್ರ ಚಲೋರಿ?"

"ಹಿಂಗಾರಿ ಮುಗೀಲ್ರಿ ಗೌಡ್ರ," ಎಂದರು ಮಾಲಕರು. "ಹಿಂಗಾರಿ ಮುಗೀತಂದ್ರ ಅದರಂಥಾ ಸ್ವರ್ಗ ಇನ್ನೊಂದಿಲ್ಲ."

"ಅಗದಿ ಖರೆ. ಹಿಂಗಾರಿ ಮುಗೀದ ನಾವರ ಎಲ್ಲಿ ಹೊಂಡೂಣು," ಎಂದರು ಗೌಡರು.

ಎರಡೂ ಕಡೆಯವರು ಸಂತೋಷದಿಂದ ಚಹಾ ಕುಡಿದರು. ಅಷ್ಟು ಒಮ್ಮತದ ಸಭೆಯನ್ನು ನಾನು ಕಂಡಿರಲಿಲ್ಲ. ಮಾಲಕರು ಹೇಳಿದ ಹಿಂಗಾರಿ ಮಳೆ. ಅದು ಮುಗಿಯುವುದು ಡಿಸೆಂಬರಿಗೆ. ಗೌಡರು ಕೇಳಿಸಿಕೊಂಡ ಹಿಂಗಾರಿ ಬೆಳೆ. ಎರೆಭೂಮಿಯಲ್ಲಿ ಆ ಮಳೆಯ ಹಸಿಯಲ್ಲಿ ಬಿತ್ತಿದ ಕಡಲೆ, ಜೋಳ, ಗೋಧಿ ಎಲ್ಲ ಕೊಯ್ದು, ಒಕ್ಕಿ, ಮನೆಗೆ ತಂದು, ಪೇಟೆಗೆ ಒಯ್ದ ಮೇಲೆ ಅದು ಮುಗಿಯುತ್ತದೆ. ಹೇಳಿದವರೂ ಸರಿ, ಕೇಳಿದವರೂ ಸರಿ. ತಪ್ಪೆಲ್ಲ ಸಮುದ್ರದ್ದು.

ಡಿಸೆಂಬರ ಬಂತು, ಹೋಯಿತು. ಗೌಡರ ಫೋನು ಬರಲಿಲ್ಲ. ಆಸೆ ಬತ್ತಿರಬೇಕೆಂದುಕೊಂಡೆವು. ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ ಬಂತು.

"ಕುಲಕರ್ಣ್ಯಾರ, ಹಿಂಗಾರಿ ಮುಗೀತ ನೋಡ್ರಿ. ಕಡ್ಲಿ ಆತು, ಜ್ವಾಳ ಆತು, ಗೋದಿ ಮಾರಿ ಬಂದ್ವಿ. ಬಸವ ಜಯಂತಿ ಮುಗಿಸಿ ಹೊಂಡೂಣು."

ನಾನು ಮಾಲಕರ ಕೋಣೆಗೆ ಹೋಗಿ ಮೇ ತಿಂಗಳ ಸಮುದ್ರದ ಸ್ಥಿತಿಯನ್ನು ವಿವರಿಸಿದೆ. ಅವರು ಶಾಂತವಾಗಿ ಕೇಳಿ, "ಕುಲಕರ್ಣಿ, ಸಮುದ್ರದಾಗ ಮಳಿ ಬಿದ್ರ ಏನಾತು? ಅಲ್ಲೆ ಮೊದಲ ನೀರ ಐತಿ," ಎಂದರು. ಟಿಕೇಟುಗಳೂ ಅದೇ ತಿಂಗಳು ಸುಲಭವಾಗಿ ಸಿಗುತ್ತಿದ್ದವು. ಆ ಎರಡನೆಯ ಕಾರಣವನ್ನು ಅವರು ಹೇಳಲಿಲ್ಲ.

ಆದರೂ ಮನಸ್ಸು ತಡೆಯದೆ ನಾನು ಹಳ್ಳಿಗೆ ಹೋಗಿ ಗೌಡರಿಗೆ ನೇರವಾಗಿ ಹೇಳಿದೆ, ಮಳೆ ಹಿಡಿಯಬಹುದು ಎಂದು. ಗೌಡರು ನಕ್ಕರು. "ಮಳಿ ಬರತೈತಿ ಅಂತ ಅಂಜೂ ಮಂದಿ ಅಲ್ರಿ ನಾವು. ಬರಲಿಲ್ಲಂದ್ರ ಅಂಜ್ತೇವಿ."

ಅಲ್ಲೇ ಪಡಸಾಲೆಯಲ್ಲಿ ಕೂತಿದ್ದ ಚನ್ನವ್ವ ಎಂಬ ಹಿರಿಯ ಹೆಣ್ಣುಮಗಳು ನನ್ನನ್ನು ಕರೆದರು. ಗೌಡರ ದಾಯಾದಿ ಮನೆಯವರು. ಜೊತೆಗೆ ಸೊಸೆ ಗಿರಿಜಾ ಇದ್ದಳು. ಚನ್ನವ್ವನ ಒಂದು ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಇನ್ನೊಂದರ ನರ ಒಣಗುತ್ತ ಬಂದಿದೆ, ದೀಪಾವಳಿ ಹೊತ್ತಿಗೆ ಅದೂ ನಿಲ್ಲಬಹುದು, ನೋಡುವುದನ್ನು ನೋಡಿಬಿಡಿ ಎಂದು ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಮನೆಯವರೆಲ್ಲ ಶ್ರೀಶೈಲಕ್ಕೆ ಹೋಗೋಣವೆಂದರು.

"ನಾ ಅಂದೆ, ದೇವರನ್ನ ಕಣ್ಣ ಮುಚ್ಚಿ ನೋಡ್ತೀನಿ," ಎಂದರು ಚನ್ನವ್ವ. "ಕಣ್ಣ ತೆರದ ನೋಡೂದನ್ನ ಮೊದಲ ನೋಡ್ತೀನಿ."

"ಏನ್ ನೋಡಬೇಕಂತ್ರಿ ಅವ್ವಾರ?"

"ಮೀನಾ."

ಡಾಕ್ಟರ ಕಡೆ ಪಾಳಿಯಲ್ಲಿ ಕೂಡುವ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದು ಇತ್ತಂತೆ. ಅದರಲ್ಲಿ ಹಳದಿ, ನೀಲಿ ಮೀನುಗಳು. ಹೋದಾಗಲೆಲ್ಲ ಅದರ ಮುಂದೇ ಕೂತು ನೋಡಿ, ಇವು ಎಲ್ಲಿಯವು ಎಂದು ಅಲ್ಲಿಯ ನರ್ಸಬಾಯಿಯನ್ನು ಕೇಳಿದ್ದರು. ಸಮುದ್ರದ ನಡುಗಡ್ಡೆಗಳ ಬಾಜು ಹವಳದ ಗುಡ್ಡಗಳಿರುತ್ತವೆ, ಅಲ್ಲಿ ಇಂಥವು ಹಿಂಡುಗಟ್ಟಲೆ, ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ನೋಡಬಹುದು ಎಂದು ಆಕೆ ಹೇಳಿದ್ದಳು. ಎಪ್ಪತ್ತು ದಾಟುವ ತನಕ ಬೆಣ್ಣಿಹಳ್ಳಕ್ಕಿಂತ ದೊಡ್ಡ ನೀರನ್ನು ಕಾಶಿಯಲ್ಲಷ್ಟೇ ಕಂಡ ಹೆಂಗಸು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಮೇ ತಿಂಗಳಲ್ಲಿ ನೀರು ಕದಡಿರಬಹುದು, ಡಿಸೆಂಬರಿಗೆ ಹೋದರೆ ಮೀನು ಚೆನ್ನಾಗಿ ಕಾಣುತ್ತವೆ ಎಂದು ನಾನು ಹೇಳಿದೆ.

"ನಿನ್ನ ಡಿಸೆಂಬರ ದೀಪಾವಳಿ ಮುಂಚೆ ಬರತೈತೇನೋ ತಮ್ಮಾ, ಹಿಂದೋ?"

"ಹಿಂದ ಬರ್ತದ್ರಿ."

"ಮತ್ತ?"

ಪ್ರಶಸ್ತ ಕಾಲದ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು "ಮತ್ತ" ಎಂಬುದರ ಮುಂದೆ ಕೂತುಕೊಂಡಿತು.

ಹೊರಟೆವು. ಡಬ್ಬಿಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರಪ್ಪನ ಪಾತ್ರೆಗಳ ಸಮೇತ ಚೆನ್ನೈ ತನಕ ರೈಲು, ಮುಂದೆ ವಿಮಾನ. ಇಳಿದ ದಿನ ಬಿಸಿಲು ಮಸ್ತಾಗಿತ್ತು. ನಾನು ಮನಸ್ಸಿನಲ್ಲೇ ಮಾಲಕರ ಕ್ಷಮೆ ಕೇಳಿದೆ. ಮರುದಿನ ನಾಷ್ಟಾಕ್ಕೆ ಕೂತಾಗ ಗೌಡರು ರೊಟ್ಟಿ ಮುರಿಯಲು ಹೋದರು. ಅದು ಮುರಿಯಲಿಲ್ಲ; ಕರವಸ್ತ್ರದಂತೆ ಮಡಚಿಕೊಂಡಿತು. ಖಡಕ್ ರೊಟ್ಟಿ ಸದ್ದಿಲ್ಲದೆ ಮಡಚಿಕೊಳ್ಳುವುದನ್ನು ಆ ಮಂದಿ ಜನ್ಮದಲ್ಲಿ ನೋಡಿರಲಿಲ್ಲ.

"ಗುರಪ್ಪಾ, ಏನ್ ಮಾಡೀಲೇ ಇದಕ್ಕ?"

"ನಾ ಏನೂ ಮಾಡಿಲ್ರಿ ಗೌಡ್ರ. ಹವಾ ಕುಡದೈತಿ ಅದು."

ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ಅದು ನಮ್ಮ ಕಡೆಯ ಮಳೆಯಂತೆ ಹನಿ ಹಾಕಿ, ವಿಚಾರ ಮಾಡಿ, ಬರುವ ಮಳೆಯಲ್ಲ. ಸಮುದ್ರದ ಮೇಲಿಂದ ಬೂದು ಬಣ್ಣದ ಗೋಡೆಯೊಂದು ನಡೆದುಕೊಂಡು ಬಂದು ನಮ್ಮ ಲಾಡ್ಜನ್ನು ಒಳಗೆ ಹಾಕಿಕೊಂಡಿತು. ದೋಣಿಗಳೆಲ್ಲ ಬಂದಾದವು.

ಇನ್ನು ನನ್ನ ಮರ್ಯಾದೆಯ ಉತ್ತರಕ್ರಿಯೆ ಎಂದುಕೊಂಡು, ಹೇಳಬೇಕಾದ ಸಮಾಧಾನದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಕೆಳಗಿಳಿದು ಬಂದೆ. ಗಂಡಸರೆಲ್ಲ ಅಂಗಳದಲ್ಲಿ ನಿಂತಿದ್ದರು, ಮಳೆಯಲ್ಲೇ, ಟೊಪ್ಪಿಗೆ ಕೂಡ ತೆಗೆಯದೆ. ಗೌಡರು ಅಂಗೈ ಚಾಚಿ ಹನಿಯ ತೂಕ ನೋಡುತ್ತಿದ್ದರು.

"ಕುಲಕರ್ಣ್ಯಾರ, ಇದು ನಮ್ಮದ ಹೌದಲ್ರಿ?"

"ಏನ್ರಿ?"

"ಇದ ಮಳಿ. ನಮ್ಮೂರಿಗೆ ಬರೂದು. ಇಲ್ಲಿಂದ ಹಾದ ಬರತೈತಲ್ಲ?"

ಹೌದು, ಇದೇ ಮುಂಗಾರು, ಇಲ್ಲಿ ಮೊದಲು, ಆಮೇಲೆ ಕೇರಳ, ಆಮೇಲೆ ನಮ್ಮಲ್ಲಿಗೆ ಎಂದೆ. ಗೌಡರ ಮುಖ ನೋಡಬೇಕಿತ್ತು. ಹೊಸ ಸೊಸೆಯನ್ನು ಊರ ಸೀಮೆಗೆ ಹೋಗಿ ಎದುರುಗೊಂಡವರ ಮುಖ.

"ನೋಡ್ರ್ಯೋ," ಎಂದು ಅವರು ಉಳಿದವರ ಕಡೆ ತಿರುಗಿದರು. "ಇಷ್ಟ ವರ್ಷ ಮನ್ಯಾಗ ಕುಂತ ದಾರಿ ನೋಡಿದ್ವಿ. ಈ ಸಲ ಅರ್ಧ ದಾರೀಗೆ ಬಂದ ಭೆಟ್ಟಿ ಆಗೇವಿ."

ಆಮೇಲೆ ನಡೆದದ್ದು ಯಾವ ಹವಾಮಾನ ಕಚೇರಿಯಲ್ಲೂ ನಡೆದಿರಲಾರದು. ಲಾಡ್ಜಿನ ವರಾಂಡದ ಅಂಚಿನಲ್ಲಿ ಸಾಲಾಗಿ ನಿಂತು ಎಲ್ಲರೂ ಊರಿಗೆ ಫೋನು ಹಚ್ಚಿದರು. ಇಲ್ಲಿ ಕೃತ್ತಿಕಾ ಮಳೆಯಲ್ಲಿ ಹಿಡಿಯಿತೆಂದರೆ ನಮ್ಮಲ್ಲಿ ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಗ್ಯಾರಂಟಿ, ಬೀಜ ತೆಗೆದಿಡಿ, ಹರಗುವುದು ಉಳಿದಿದ್ದರೆ ನಾಳೆಯೇ ಮುಗಿಸಿ ಎಂದು ಆಜ್ಞೆಗಳು ಹೋದವು. "ಹೆಂಗ್ ಐತಿ ಅಂತಿ? ದಪ್ಪ ಐತಿ. ನಾ ಇಲ್ಲೇ ನಿಂತೇನಲ್ಲ, ಬೆನ್ನ ಮ್ಯಾಲ ಬೀಳಾಕತ್ತೈತಿ," ಎಂದು ಒಬ್ಬರು ಸಾಕ್ಷಿ ನುಡಿಯುತ್ತಿದ್ದರು. ನನ್ನ ಇಡೀ ಸೇವೆಯಲ್ಲಿ ನಡುಗಡ್ಡೆಯ ಮಳೆಗಾಗಿ ಮ್ಯಾನೇಜರನ ಕೈ ಹಿಡಿದು ಉಪಕಾರ ಸ್ಮರಿಸಿದ ತಂಡ ಅದೊಂದೇ. ಪ್ರವಾಸಕ್ಕೆ ಕೆಟ್ಟ ಕಾಲ ಯಾವುದೆಂದು ಪುಸ್ತಕದಲ್ಲಿ ಬರೆದವರು ಇವರನ್ನು ಕೇಳಿ ಬರೆದಿಲ್ಲ.

ಚನ್ನವ್ವ ಒಬ್ಬರೇ ಫೋನು ಹಚ್ಚಲಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತು ಸಮುದ್ರ ಇರಬೇಕಾದ ಕಡೆಗೆ ಮುಖ ಮಾಡಿದ್ದರು. ಮಳೆ ಬಿಡಲಿಲ್ಲ; ಅವರೂ ಕುರ್ಚಿ ಬಿಡಲಿಲ್ಲ. ನಾನು ಹತ್ತಿರ ಹೋದಾಗಲೆಲ್ಲ, "ಆತೇನು?" ಎನ್ನುತ್ತಿದ್ದರು. "ಇನ್ನೂ ಇಲ್ರಿ" ಎನ್ನುವುದೇ ನನ್ನ ಉದ್ಯೋಗವಾಯಿತು.

ಹೊರಡುವ ದಿನ ಬೆಳಿಗ್ಗೆ ಮಳೆ ಉಸಿರು ಬಿಟ್ಟಿತು. ದೋಣಿ ಬಿಡಬಹುದೆಂದು ಬಂದರಿನಿಂದ ಸುದ್ದಿ ಬಂದ ಕೂಡಲೇ ನಾನು ಅತ್ತೆ ಸೊಸೆಯರನ್ನು ಕರೆದುಕೊಂಡು ಓಡಿದೆ. ದೋಣಿಯವನು ತಮಿಳಿನವನು, ನನ್ನ ಹಿಂದಿ ಹುಬ್ಬಳ್ಳಿಯದು. ನೀರು ಕದಡಿದೆ, ಏನೂ ಕಾಣುವುದಿಲ್ಲ, ಜನವರಿಗೆ ಬನ್ನಿ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಜನವರಿಗೆ ನನ್ನ ಕಣ್ಣ ಎಲ್ಲಿರ್ತಾವಂತ ಕೇಳು ಅವಗ," ಎಂದರು ಚನ್ನವ್ವ.

ಕೇಳಿದೆ. ಅವನು ದೋಣಿ ಬಿಚ್ಚಿದ.

ಹವಳವಿದೆ ಎಂಬಲ್ಲಿ ನಿಲ್ಲಿಸಿದ. ತಳದ ಗಾಜಿನಲ್ಲಿ ಹಾಲು ಬೆರೆಸಿದಂಥ ಹಸಿರು, ಅದರೊಳಗೆ ತೇಲುವ ಕಸ, ಮತ್ತೇನೂ ಇಲ್ಲ. ಚನ್ನವ್ವ ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಗಿರಿಜಾಳಿಗೆ ತಡೆಯಲಾಗಲಿಲ್ಲ.

"ಅದಾ ಅಲ್ಲೆ ನೋಡ್ರಿ ಅತ್ತಿ, ಹಳದಿ ಮೀನಾ ಹೋತು."

"ಎಲ್ಲೆ?"

"ಇಲ್ಲೇ, ನಿಮ್ಮ ಕೈ ಬುಡಕ. ಮತ್ತೊಂದು ನೀಲಿದು."

ಚನ್ನವ್ವ ತಲೆ ಎತ್ತಿದರು. "ಗಿರಿಜಾ, ನಾ ಇನ್ನೂ ಕುರುಡಿ ಆಗಿಲ್ಲ. ಅಲ್ಲೆ ಏನೂ ಇಲ್ಲ ಅನ್ನೂದು ನನಗ ಛಂದಂಗ ಕಾಣಾಕತ್ತೈತಿ."

ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನ್ನವ್ವ ಅವಳ ಬೆನ್ನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಈಗ ಸರಿಯಾಗಿ ಹೇಳು. ಯಾವಾಗ ಬರಬೇಕು?"

ಹಿಂಗಾರಿ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಎಳ್ಳಮಾಸಿ ಚರಗ ಚೆಲ್ಲಿ, ಮರುದಿನ ಹೊರಡಬೇಕ್ರಿ," ಎಂದೆ. ಡಿಸೆಂಬರ ಕೊನೆಗೋ ಜನವರಿಯಲ್ಲೋ ಹೊಲದಲ್ಲಿ ಬೆಳೆಗೆ ಎಡೆ ಚೆಲ್ಲುವ ಆ ಅಮಾವಾಸ್ಯೆ ಯಾವಾಗ ಬರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬರ್ತೀನಿ," ಎಂದರು. "ಕಣ್ಣಿಗೂ ಹೇಳಿಡ್ತೀನಿ."

ದೀಪಾವಳಿ ಮುಗಿದ ಮೇಲೆ ಫೋನು ಮಾಡಲು ನನಗೆ ಧೈರ್ಯವಾಗಲಿಲ್ಲ. ಅವರೇ ಮಾಡಿಸಿದರು. "ಒಂದ ಕಿಂಡಿ ಉಳದೈತಿ. ಬಳಿ ಒಳಗಿಂದ ನೋಡಿದಷ್ಟ ಕಾಣತೈತಿ. ಲಗೂನ ಟಿಕೇಟ ತೆಗಸು."

ಎಳ್ಳಮಾಸಿಯ ಹೊತ್ತು ಹೊಲ ಬಿಟ್ಟು ಬರುವ ಕಾಲವಲ್ಲ. ಕಡಲೆ ಕಾಯಿ ಕಟ್ಟುತ್ತಿತ್ತು, ಜೋಳಕ್ಕೆ ಹಕ್ಕಿ ಬೀಳುತ್ತಿದ್ದವು. ಗಿರಿಜಾಳೂ ಹೊರಟರೆ ಹೊಲ ಯಾರು ನೋಡಬೇಕು ಎಂದು ಮಗ ಕೇಳಿದನಂತೆ. "ಕಣ್ಣಿದ್ದವ್ರು ನೋಡ್ರಿ," ಎಂದರಂತೆ ಚನ್ನವ್ವ. ಗೌಡರ ತಂಡದ ಬೇರೆ ಯಾರೂ ಬರಲಿಲ್ಲ. ನನ್ನ ನೌಕರಿಯ ಕೊನೆಯ ಪ್ರವಾಸವದು. ಹೊಸದಾಗಿ ಲಗ್ನವಾದ ಜೋಡಿಗಳ ತಂಡ. ಇಬ್ಬರು ಎರೆಸೀಮೆಯ ಹೆಂಗಸರನ್ನು ಅದರಲ್ಲಿ ಸೇರಿಸಲು ಮಾಲಕರು ಒಂದು ಮಾತಿಗೇ ಒಪ್ಪಿದರು. "ಇದಕ್ಕೇನ್ ಹೆಸರಿಡೂಣು?" ಎಂದು ಮಾತ್ರ ಕೇಳಿದರು. ಆಮೇಲೆ ತಾವೇ, "ಬ್ಯಾಡ ಬಿಡು," ಎಂದರು. ಆ ಧೈರ್ಯವಂತರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಕಾಶದಲ್ಲಿ ಒಂದು ಅರಳೆಯಷ್ಟೂ ಮೋಡವಿರಲಿಲ್ಲ. ಅದೇ ದೋಣಿಯವನು ಚನ್ನವ್ವನ ಗುರುತು ಹಿಡಿದು ಕೈಕೊಟ್ಟು ಹತ್ತಿಸಿಕೊಂಡ. ಕೂತು ಬಗ್ಗಿದರೆ ಅವರ ಕಿಂಡಿಗೆ ಗಾಜು ದೂರವಾಗುತ್ತಿತ್ತು. ಅವರು ಯಾರನ್ನೂ ಕೇಳದೆ ಕಾಸೆ ಬಿಗಿದು, ದೋಣಿಯ ತಳದಲ್ಲಿ ಬೋರಲು ಮಲಗಿ, ಗಾಜಿಗೆ ಹಣೆ ಹಚ್ಚಿದರು. ಜೋಡಿಗಳು ತಮ್ಮ ಕಾಲುಗಳನ್ನು ಮೇಲೆತ್ತಿಕೊಂಡು ಕೂತವು.

ನೀರು ಇದೆಯೋ ಇಲ್ಲವೋ ಎಂಬಂತಿತ್ತು. ಹವಳದ ಗುಡ್ಡಗಳು, ನಡುವೆ ಓಣಿಗಳು, ಓಣಿಗಳಲ್ಲಿ ಮೀನು. ನನ್ನ ವೃತ್ತಿಧರ್ಮ ಎಚ್ಚತ್ತಿತು. ದೋಣಿಯವನು ಒಂದೊಂದಕ್ಕೂ ಹೇಳಿದ ಹೆಸರನ್ನು ಕನ್ನಡಕ್ಕೆ ತಿರುಗಿಸುತ್ತ, "ಅವ್ವಾರ, ಇದು ಗಿಳಿಮೀನ್ರಿ, ಬಾಯಿ ನೋಡ್ರಿ ಗಿಳೀದರಂಗ ಅದ. ಇದು ಚಿಟ್ಟೆಮೀನು," ಎಂದು ಶುರು ಮಾಡಿದೆ.

"ಸುಮ್ಮನಿರೋ ತಮ್ಮಾ," ಎಂದರು ಅವರು, ತಲೆ ಎತ್ತದೆ. "ಹೆಸರು ಕಿವೀಲೆ ಕೇಳೂದು. ಕಿವಿ ಎಲ್ಲಿಗೂ ಹೊಂಟಿಲ್ಲ. ಅದನ್ನ ಆಮ್ಯಾಲ ಹೇಳು."

ಮಾತಾಡಿಯೇ ಹೊಟ್ಟೆ ಹೊರೆದವನು ನಾನು. ಬಾಯಿ ಮುಚ್ಚಿ ಕೂತೆ. ದೋಣಿಯವನು ಯಂತ್ರ ನಿಲ್ಲಿಸಿ, ಪಾಳಿಯ ಹೊತ್ತು ಮುಗಿದರೂ ಮತ್ತೆ ಹಚ್ಚಲಿಲ್ಲ. ಜೋಡಿಗಳಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಚನ್ನವ್ವನ ತಲೆ ಮಾತ್ರ ಗಾಜಿನ ಮೇಲೆ ಮೆಲ್ಲಗೆ ಅತ್ತಿತ್ತ ಸರಿಯುತ್ತಿತ್ತು, ಆ ಸಣ್ಣ ಕಿಂಡಿಯಿಂದ ಒಂದು ಮೀನನ್ನು ಹಿಡಿದು, ಅದು ದಾಟಿ ಹೋಗುವ ತನಕ ಬಿಡದೆ, ಆಮೇಲೆ ಇನ್ನೊಂದನ್ನು ಹಿಡಿಯುತ್ತ.

ಹೋದ ಆಷಾಢದಲ್ಲಿ ಆ ಹಳ್ಳಿಗೆ ಹೋಗಿದ್ದೆ. ಹೊಲಗಳಲ್ಲಿ ಹೆಸರಿನ ಬೆಳೆ ಮೊಣಕಾಲೆತ್ತರ ನಿಂತಿತ್ತು. ಚನ್ನವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಕಿಂಡಿಯೂ ಮುಚ್ಚಿ ಬಹಳ ದಿನವಾಗಿತ್ತು. ನನ್ನ ಕೆಮ್ಮಿಗೇ ಗುರುತು ಹಿಡಿದರು.

"ಬಂದಿ? ಕುಂದ್ರು. ಈಗ ಹೇಳು."

"ಏನ್ ಹೇಳ್ಲಿರಿ ಅವ್ವಾರ?"

"ಹೆಸರು. ಆಮ್ಯಾಲ ಹೇಳಂದಿದ್ನೆಲ್ಲ."

ನಾನು ಸರಿಯಾಗಿ ಕೂತು, ಗಂಟಲು ಸರಿಪಡಿಸಿಕೊಂಡು, "ಮೊದಲ ಬಂದದ್ದು ಗಿಳಿಮೀನ್ರಿ," ಎಂದು ಆರಂಭಿಸಿದೆ.

"ಅಲ್ಲ. ಅದಕ್ಕಿಂತ ಮೊದಲ ಒಂದ ಬಂತು. ಸಣ್ಣದು, ಕರೀ ಪಟ್ಟಿ, ಒಂದ ಬಾಜೂ ಡೊಂಕ ಮಾಡ್ಕೊಂಡ ಈಸತಿತ್ತು. ಅದರ ಬೆನ್ನಿಗೆ ಅದರ ಜೋಡಿ. ಅದರ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಅದನ್ನು ನಾನು ನೋಡಿಯೇ ಇರಲಿಲ್ಲ. ಆ ದಿನ ನಾನು ಗಾಜನ್ನು ನೋಡಿದ್ದು ಸ್ವಲ್ಪ ಹೊತ್ತು. ಉಳಿದದ್ದೆಲ್ಲ ಅವರನ್ನೇ ನೋಡುತ್ತ ಕೂತಿದ್ದೆ. ಹಾಗೆಂದು ಹೇಳಿದೆ.

"ನೀ ನೋಡ್ಲೇ ಇಲ್ಲ?"

"ಇಲ್ರಿ."

"ಅಷ್ಟ ದೂರ ಹೋಗಿ?" ಎಂದು ಅವರು ನಕ್ಕರು. ಆಮೇಲೆ ಕಾಲು ಮಡಚಿ ನೆಟ್ಟಗೆ ಕೂತು, ಎರಡೂ ಕೈಗಳನ್ನು ಮುಂದೆ ಗಾಜಿನಗಲಕ್ಕೆ ಚಾಚಿ, "ಗಿರಿಜಾ, ಚಾ ಇಡು. ಇಂವಗ ತೋರಸ್ತೀನಿ," ಎಂದು, ಕರೀ ಪಟ್ಟಿಯ ಮೀನು ಯಾವ ಮೂಲೆಯಿಂದ ಬಂತೆಂಬಲ್ಲಿಂದ ಶುರು ಮಾಡಿದರು.